ಹೆರಿಗೆ ಮುಗಿದ ಮೇಲಿನ ಕೆಲಸ

ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪು ಬೆಳೆಗಾರರಿಗೆ ಶಾಖದ ಲೆಕ್ಕ ಹೇಳಿಕೊಡಬೇಕಿಲ್ಲ. ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ರಾತ್ರಿಯೆಲ್ಲ ಎದ್ದೆದ್ದು ಥರ್ಮಾಮೀಟರ್ ನೋಡುತ್ತಾರೆ. ಶಾಖದ ಹಂತ ತಪ್ಪಿದರೆ ವರ್ಷದ ದುಡಿಮೆ ಹೋಯಿತು. ಹೆರಿಗೆ ಕೋಣೆಯ ಪಕ್ಕದಲ್ಲೂ ಅಂಥದ್ದೇ ಕಾವಲು ಬೇಕು. ಉಪಕರಣಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ 121 ಡಿಗ್ರಿ ಮುಟ್ಟಿದ ಮೇಲೆ, ಬಟ್ಟೆ ಸುತ್ತಿದ ಉಪಕರಣಗಳಿಗೆ 30 ನಿಮಿಷ, ಸುತ್ತದವಕ್ಕೆ 20 ನಿಮಿಷ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ ಎಣಿಕೆ. ಎಣಿಸುವವರು ಸಾಮಾನ್ಯವಾಗಿ ಡಾಕ್ಟರಲ್ಲ, ನರ್ಸಮ್ಮ ಅಥವಾ ಆಯಾ.

ಕುದಿಸಿದರೆ ಸಾಲದೇ? ಸಾಲದು. ಧನುರ್ವಾಯು ರೋಗಾಣುವಿನ ಬೀಜಕಣ ಕುದಿಯುವ ನೀರಲ್ಲೂ ಉಳಿಯಬಲ್ಲದು. ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕೊಯ್ಯುತ್ತಿದ್ದ ಕಾಲದಲ್ಲಿ, ವಾರ ತುಂಬುವಷ್ಟರಲ್ಲಿ ಕೂಸು ಸೆಟೆದುಕೊಂಡು ಸಾಯುತ್ತಿದ್ದದ್ದು ಅದರಿಂದಲೇ. ಲಸಿಕೆ, ಹೊಸ ಬ್ಲೇಡು, ಆಸ್ಪತ್ರೆ ಹೆರಿಗೆಗಳಿಂದ ಭಾರತ 2015ರಲ್ಲಿ ಬಾಣಂತಿ, ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದಿತು.

ಉಪಕರಣ ಆಟೋಕ್ಲೇವಿಗೆ ಹೋಗುವ ಮೊದಲು ಬಕೆಟ್ಟಿನ ಕೆಲಸವಿದೆ. ಲೀಟರ್ ನೀರಿಗೆ ಮೂರು ಚಮಚ ಬ್ಲೀಚಿಂಗ್ ಪೌಡರ್, ಹತ್ತು ನಿಮಿಷ ನೆನೆಸು, ಆಮೇಲೆ ಬ್ರಷ್ ಹಾಕಿ ಸೋಪಿನ ನೀರಲ್ಲಿ ಉಜ್ಜು. ನಮ್ಮ ಆಸ್ಪತ್ರೆಗಳು ರೂಢಿಸಿಕೊಂಡ ಕ್ರಮವಿದು. ದ್ರಾವಣವನ್ನು ದಿನಾ ಹೊಸದಾಗಿ ಕಲಸಬೇಕು, ನಿನ್ನೆಯದಕ್ಕೆ ಕಸುವಿರುವುದಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯ ಸೆಮ್ಮೆಲ್‌ವೈಸ್ ಡಾಕ್ಟರುಗಳ ಕೈ ತೊಳೆಸಿದ್ದೂ ಇದೇ ಜಾತಿಯ ಕ್ಲೋರಿನ್ ಸುಣ್ಣದ ನೀರಿನಲ್ಲಿ. ಬಾಣಂತಿ ನಂಜಿನ ಸಾವು ಥಟ್ಟನೆ ಇಳಿಯಿತು. ಆದರೂ ಅವನ ಮಾತನ್ನು ದೊಡ್ಡ ವೈದ್ಯರು ಬಹುಕಾಲ ಒಪ್ಪಲಿಲ್ಲ.

ಎಚ್.ಡಿ. ಕೋಟೆಯ ಹಾಡಿಗಳಲ್ಲಿ ತಲೆತಲಾಂತರದಿಂದ ಗುಡಿಸಲಲ್ಲೇ ಹೆರುತ್ತಿದ್ದ ಜೇನುಕುರುಬ ಹೆಣ್ಣುಮಕ್ಕಳನ್ನು 'ಆಸ್ಪತ್ರೆಗೆ ಬನ್ನಿ' ಎಂದು ಕರೆದವರು ನಾವು. 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅದಕ್ಕಾಗಿ ಕೆಂಚನಹಳ್ಳಿ, ಸರಗೂರುಗಳಲ್ಲಿ ಬೆವರು ಸುರಿಸಿತು. 2005ರ ಜನನಿ ಸುರಕ್ಷಾ ಯೋಜನೆ ಹಣ ಕೊಟ್ಟು ಕರೆಯಿತು. ಕರೆದ ಮೇಲೆ, ಆ ತಾಯಿ ಮಲಗುವ ಟೇಬಲ್ಲಿನ ಮೇಲೆ ಹಿಂದಿನ ಹೆರಿಗೆಯ ರಕ್ತದ ಕಲೆ ಇರಕೂಡದು. ಇದು ಉಪಕಾರವಲ್ಲ, ನಾವು ಕೊಟ್ಟ ಮಾತು.

ಹೆಚ್ಚಿನ ತರಬೇತಿಗಳು ಡಾಕ್ಟರು, ನರ್ಸುಗಳನ್ನೇ ಮುಂದೆ ಕೂರಿಸುತ್ತವೆ. ಬಕೆಟ್ಟಿಗೆ ಕೈ ಹಾಕುವ ಆಯಾ ಬಾಗಿಲ ಬಳಿ ನಿಂತಿರುತ್ತಾಳೆ. ಅವಳ ಕೈಗೆ ದಪ್ಪ ರಬ್ಬರ್ ಗ್ಲೌಸ್ ಬಂದಿದೆಯೇ? ಕೆ.ಆರ್. ನಗರದ ಪಕ್ಕದಲ್ಲಿ ಕಾವೇರಿ, ಎಚ್.ಡಿ. ಕೋಟೆಯಲ್ಲಿ ಕಬಿನಿ. ಆದರೆ ನಡುರಾತ್ರಿ ಹೆರಿಗೆ ಕೋಣೆಯ ನಲ್ಲಿ ತಿರುಗಿಸಿದರೆ ನೀರು ಬರುತ್ತದೆಯೇ? ನಿಮ್ಮ ಆಸ್ಪತ್ರೆಯ ಮುಂದಿನ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಈ ಎರಡನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.