ರೈಲಿನಲ್ಲಿ ಬಂದ ಸುಳಿವು

ಎತ್ತರದ ಬೆಟ್ಟ ಹತ್ತಿದರೆ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಉಸಿರು ಸಾಲುವುದಿಲ್ಲ ಎಂಬುದು ಬೆಟ್ಟದ ಜನರಿಗೆ ಎಂದಿನಿಂದಲೂ ಗೊತ್ತು. ಸ್ಪೇನಿನ ಪಾದ್ರಿ ಹೋಸೆ ದೆ ಅಕೋಸ್ತಾ ಆಂಡೀಸ್ ದಾಟುವಾಗ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡಿದ್ದ. ಅಲ್ಲಿನ ಗಾಳಿ ಮನುಷ್ಯನ ಉಸಿರಿಗೆ ಒಗ್ಗದಷ್ಟು ತೆಳು ಎಂದು 1590ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದ. ಮಾತು ಸರಿಯಾಗಿಯೇ ಇತ್ತು, ಕೇಳುವವರು ಇರಲಿಲ್ಲ. ಆಂಡೀಸ್‌ನಲ್ಲಿ ಆಂಟಿಮನಿ ಅದಿರಿನ ಆವಿಯನ್ನು ದೂರಿದರು, ಹಿಮಾಲಯದಲ್ಲಿ ವಿಷಗಿಡಗಳ ಗಾಳಿಯನ್ನು. ಯುರೋಪಿನ ಅನೇಕ ಪಂಡಿತರು ಇಷ್ಟು ದೂರವೂ ಹೋಗಲಿಲ್ಲ. ಹತ್ತಿದವನು ದಣಿದಿದ್ದಾನೆ, ಅಷ್ಟೇ ಎಂದರು.

ಈ ದಣಿವಿನ ವಾದವನ್ನು ಅಲ್ಲಗಳೆಯುವುದು ಸುಲಭವಿರಲಿಲ್ಲ. ಬೆಟ್ಟ ಹತ್ತಿದವನು ನಿಜಕ್ಕೂ ದಣಿದಿರುತ್ತಾನೆ, ಚಳಿಯಲ್ಲಿ ನಡುಗಿರುತ್ತಾನೆ, ಅರೆಹೊಟ್ಟೆಯಲ್ಲಿರುತ್ತಾನೆ. ಇದರಲ್ಲಿ ಯಾವುದರಿಂದ ಯಾವ ತೊಂದರೆ ಎಂದು ಬಿಡಿಸುವುದು ಹೇಗೆ? ನಡೆಯದೆ ಎತ್ತರಕ್ಕೆ ಹೋದವರು ಬೇಕಿತ್ತು.

ಮೊದಲು ಹೋದವರು ಬಲೂನಿನವರು. ಪ್ಯಾರಿಸ್‌ನಲ್ಲಿ ಪಾಲ್ ಬೇರ್ ಎಂಬ ಶರೀರವಿಜ್ಞಾನಿ ಗಾಳಿಯ ಒತ್ತಡ ಇಳಿಸಬಲ್ಲ ಕಬ್ಬಿಣದ ಕೋಣೆ ಮಾಡಿಸಿಕೊಂಡು, ಅದರೊಳಗೆ ಹಕ್ಕಿಗಳನ್ನೂ ಆಮೇಲೆ ತನ್ನನ್ನೂ ಕೂರಿಸಿ ಪರೀಕ್ಷಿಸುತ್ತಿದ್ದ. ಆ ಕೋಣೆಯಲ್ಲಿ ಕೂತು ಬಂದಿದ್ದ ಸಿವೆಲ್ ಮತ್ತು ಕ್ರೋಸೆ-ಸ್ಪಿನೆಲ್ಲಿ ಎಂಬ ಬಲೂನಿಗರು 1875ರ ಏಪ್ರಿಲ್ 15ರಂದು ಟಿಸ್ಸಾಂಡಿಯೇ ಜೊತೆ 'ಜೆನಿತ್' ಬಲೂನಿನಲ್ಲಿ ಮೇಲೇರಿದರು. ಬುಟ್ಟಿಯಲ್ಲಿ ಆಮ್ಲಜನಕದ ಚೀಲಗಳಿದ್ದವು. 8,000 ಮೀಟರ್ ಹತ್ತಿರ ಬರುವ ಹೊತ್ತಿಗೆ ಟಿಸ್ಸಾಂಡಿಯೇಗೆ ನೋವಿರಲಿಲ್ಲ, ಭಯವಿರಲಿಲ್ಲ, ಒಂದು ಬಗೆಯ ಹಿಗ್ಗೇ ಇತ್ತು. ಆಮ್ಲಜನಕದ ನಳಿಗೆ ಹಿಡಿಯೋಣವೆಂದರೆ ಕೈ ಮೇಲೇಳಲಿಲ್ಲ. ಎಚ್ಚರವಾದಾಗ ಜೊತೆಗಾರರಿಬ್ಬರೂ ಸತ್ತಿದ್ದರು. ಮೂವರಲ್ಲಿ ಯಾರೂ ಒಂದು ಹೆಜ್ಜೆ ನಡೆದಿರಲಿಲ್ಲ. ಕೊರತೆ ಇರುವುದು ಆಮ್ಲಜನಕದ ಒತ್ತಡದಲ್ಲೇ ಎಂದು ಬೇರ್ 1878ರ ತನ್ನ ದಪ್ಪ ಗ್ರಂಥದಲ್ಲಿ ಸಾಧಿಸಿ ತೋರಿಸಿದ.

ಆದರೆ ಚಾರಣಿಗನನ್ನು ಕಾಡುವ ಕಾಯಿಲೆ ಬಲೂನಿನ ಸಾವಿನಂತೆ ನಿಮಿಷಗಳಲ್ಲಿ ಬರುವುದಲ್ಲ, ಒಂದೆರಡು ರಾತ್ರಿ ಕಾದು ಬರುವುದು. ಅದರ ಸುಳಿವು ಸಿಕ್ಕಿದ್ದು ಚಿಲಿ ದೇಶದ ಗಣಿಗಳಲ್ಲಿ. ಅಲ್ಲಿಗೆ ಸಮುದ್ರ ತೀರದಿಂದಲೇ ರೈಲು ಹೋಗುತ್ತಿತ್ತು. ಬೆಚ್ಚಗೆ ಮಲಗಿಯೋ ಬೆಂಚಿನಲ್ಲಿ ಕೂತೋ ಬಂದವರು ಎರಡು ದಿನದೊಳಗೆ 4,500 ಮೀಟರಿಗೂ ಮೇಲೆ ಇಳಿಯುತ್ತಿದ್ದರು. ಗಣಿಯ ವೈದ್ಯ ಥಾಮಸ್ ರೇವನ್‌ಹಿಲ್ ಅವರನ್ನು ಗಮನಿಸಿದ. ಹೊಟ್ಟೆ ತುಂಬ ಉಂಡು ಬೆಚ್ಚಗೆ ಕೂತು ಬಂದವರಿಗೂ ಕಾಯಿಲೆ ಬರುತ್ತಿತ್ತು. 1913ರಲ್ಲಿ ಆತ ಮೂರು ಬಗೆ ಗುರುತಿಸಿ ಬರೆದ: ತಲೆನೋವು ವಾಕರಿಕೆಗಳ ಸಾಮಾನ್ಯ ರೂಪ, ಮೆದುಳಿಗೆ ತಟ್ಟುವ ರೂಪ, ಎದೆಯಲ್ಲಿ ಗೊರಗೊರ ಎನ್ನುತ್ತ ನೊರೆ ಕಫ ಬರುವ ರೂಪ. ಕೊನೆಯದಕ್ಕೆ ಹೃದಯವೇ ಕಾರಣವೆಂದು ಆತ ತಿಳಿದದ್ದು ತಪ್ಪಾಗಿತ್ತು, ವಿವರಣೆ ಮಾತ್ರ ಇಂದಿಗೂ ನಿಲ್ಲುವಂಥದ್ದು. ಅದನ್ನು ಓದಿದವರಿಲ್ಲ. ಪೆರುವಿನ ವೈದ್ಯರು ಸ್ಪ್ಯಾನಿಷ್‌ನಲ್ಲಿ ಬರೆದದ್ದಕ್ಕೂ ಇದೇ ಗತಿ. ಪರ್ವತಗಳಲ್ಲಿ ನೊರೆ ಕಾರಿ ಸತ್ತವರನ್ನೆಲ್ಲ ನ್ಯುಮೋನಿಯಾದ ಲೆಕ್ಕಕ್ಕೆ ಹಾಕುವುದು ನಡೆದೇ ಇತ್ತು. ಅಮೆರಿಕದ ಚಾರ್ಲ್ಸ್ ಹ್ಯೂಸ್ಟನ್, ಕೆ2 ಹತ್ತಲು ಹೋಗಿದ್ದ ವೈದ್ಯ, ಗಟ್ಟಿಮುಟ್ಟಾದ ಒಬ್ಬ ಸ್ಕೀ ಯುವಕನ ಶ್ವಾಸಕೋಶ ತುಂಬಿದ್ದು ಸೋಂಕಿನಿಂದಲ್ಲ, ನೀರಿನಿಂದ ಎಂದು 1960ರಲ್ಲಿ ಪ್ರಕಟಿಸಿದ ಮೇಲೆ ಕಣ್ಣು ತೆರೆಯಿತು.

ಎರಡೇ ವರ್ಷದಲ್ಲಿ ಚೀನಾ ಯುದ್ಧ ಬಂತು. ಬಯಲುಸೀಮೆಯ ನಮ್ಮ ಸೈನಿಕರನ್ನು ವಿಮಾನದಲ್ಲಿ ತಂದು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿಸಬೇಕಾಯಿತು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರ ಕಾಯಿಲೆಯನ್ನು ಅಭ್ಯಸಿಸಿ 1969ರಲ್ಲಿ ಬರೆದ ಪ್ರಬಂಧವನ್ನು ಈ ವಿಷಯದ ವೈದ್ಯರು ಈಗಲೂ ಉಲ್ಲೇಖಿಸುತ್ತಾರೆ. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕಿಸಲು ಅವರು ಕೊಟ್ಟ ಫ್ರುಸೆಮೈಡ್ ಮುಂದೆ ಬಳಕೆಯಿಂದ ಹಿಂದೆ ಸರಿಯಿತು. ಸೇನೆ ಇಂದು ಪಾಲಿಸುವ ವಿಧಿ ಸರಳ: ಮೊದಲ ಹಂತದ ಎತ್ತರದಲ್ಲಿ ಆರು ದಿನ, ಅದರಲ್ಲಿ ಮೊದಲೆರಡು ದಿನ ವಿಶ್ರಾಂತಿ, ಆಮೇಲೆ ಮುಂದಿನ ಎರಡು ಹಂತಗಳಲ್ಲಿ ನಾಲ್ಕು ನಾಲ್ಕು ದಿನ.

ಚಾರಣಿಗರ ಸರದಿ ಬಂದದ್ದು ಎವರೆಸ್ಟ್ ದಾರಿಯ ಫೆರಿಚೆಯಲ್ಲಿ. 4,243 ಮೀಟರ್ ಎತ್ತರದ ಆ ಹಳ್ಳಿಯ ಮೂಲಕ ಹಾದುಹೋದ 278 ಮಂದಿಯನ್ನು ವೈದ್ಯರಾದ ಪೀಟರ್ ಹ್ಯಾಕೆಟ್ ಮತ್ತು ಡ್ರಮಂಡ್ ರೆನ್ನಿ ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು, ಶೇ. 53 ಜನರಿಗೆ ಕಾಯಿಲೆ ಇತ್ತು. ಅದೇ ದಾರಿಯಲ್ಲಿ ಕೆಳಗಿರುವ ಲುಕ್ಲಾಕ್ಕೆ ವಿಮಾನದಲ್ಲಿ ಬಂದವರಿಗೆ ಹೆಚ್ಚು, ಇನ್ನೂ ಕೆಳಗಿನಿಂದ ನಡೆದು ಬಂದವರಿಗೆ ಕಡಿಮೆ. ದಣಿವಿನ ವಾದ ಇಲ್ಲಿ ತಲೆಕೆಳಗಾಯಿತು: ಹೆಚ್ಚು ನಡೆದವನೇ ಹೆಚ್ಚು ಆರೋಗ್ಯವಾಗಿದ್ದ. ಅಸೆಟಜೋಲಮೈಡ್, ಅಂದರೆ ಡಯಾಮಾಕ್ಸ್ ಮಾತ್ರೆ, ವಿಮಾನದಲ್ಲಿ ಬಂದವರಿಗೆ ನೆರವಾದದ್ದೂ ಅಲ್ಲೇ ಕಂಡಿತು. ಅದು ಮೂತ್ರಪಿಂಡದ ಮೂಲಕ ಬೈಕಾರ್ಬನೇಟನ್ನು ಹೊರಹಾಕಿಸಿ ರಕ್ತವನ್ನು ತುಸು ಆಮ್ಲೀಯ ಮಾಡುತ್ತದೆ. ಆಗ ಉಸಿರಾಟ ತಾನಾಗಿ ಹೆಚ್ಚುತ್ತದೆ. ದೇಹ ಹಲವು ದಿನ ತೆಗೆದುಕೊಂಡು ಮಾಡುವ ಕೆಲಸಕ್ಕೆ ಅದು ಮುಂಗಡ ಕೊಟ್ಟಂತೆ. ಸಲ್ಫಾ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು.

ನಮ್ಮ ಚಾರಣಿಗರು ಎಡವುವುದು ಆ ಹಳೆಯ ದಣಿವಿನ ವಾದದಲ್ಲೇ ಎಂದು ನನಗನ್ನಿಸುತ್ತದೆ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರಿಗೆ ಹಿಮಾಲಯವೂ ಕಾಲಿನ ಬಲದ ಪ್ರಶ್ನೆಯಾಗಿ ಕಾಣುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಈ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ 2,500ರ ಮೇಲೆ. ಗಟ್ಟಿ ಕಾಲಿನವನು ಬೇಗ ಹತ್ತುತ್ತಾನೆ, ಆದ್ದರಿಂದ ಬೇಗ ಬೀಳುತ್ತಾನೆ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲೇ ಉಳಿಯಬೇಕು. ತಲೆನೋವಿದ್ದಾಗ ಮುಂದೆ ಹತ್ತಬಾರದು. ಕೂತಲ್ಲೇ ಏದುಸಿರು ಬಂದರೆ, ನಡೆಯುವಾಗ ಕುಡಿದವರಂತೆ ತೂರಾಡಿದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಕೆಳಗಿಳಿಸಬೇಕು, ಒಬ್ಬಂಟಿಯಾಗಿ ಕಳಿಸಬಾರದು.