ಇಂಗ್ಲಿಷಿನಲ್ಲಿ ‘ಎಷ್ಟು’ ಒಂದೇ ಅಲ್ಲ



ಶೆಟ್ಟಿಹಳ್ಳಿಯ ನಮ್ಮ ಸಂಜೆ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವವರು, ಇಲ್ಲವೇ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವವರು. ಅವರಲ್ಲಿ ಒಬ್ಬರು ವಯಸ್ಸಾದ ತಾಯಿಯೊಬ್ಬರನ್ನು ನೋಡಿಕೊಳ್ಳುತ್ತಾರೆ. ಆ ತಾಯಿಯ ಮಗಳಿಗೆ ಕನ್ನಡ ಬಾರದು. ಬಿ.ಪಿ. ಮಾತ್ರೆ ಇದೆಯಾ ಎಂದು ಆಕೆ ಫೋನಿನಲ್ಲಿ ಕೇಳಿದಾಗ ಇವರು ‘ಎ ಫ್ಯೂ’ ಅಂದರು. ಮುಗೀತಾ ಬಂತು, ತನ್ನಿ ಅನ್ನೋದು ಇವರ ಅರ್ಥ. ಮಗಳಿಗೆ ಕೇಳಿಸಿದ್ದು ‘ಇನ್ನೂ ಕೆಲವು ಇವೆ’ ಎಂದು. ಎರಡು ದಿನ ಆ ತಾಯಿ ಮಾತ್ರೆ ಇಲ್ಲದೇ ಇರಬೇಕಾಯಿತು. ಬೈಸಿಕೊಂಡವರು ಯಾರೆಂದು ಬೇರೆ ಹೇಳಬೇಕೇ?

ಕನ್ನಡದಲ್ಲಿ ನಮಗೆ ‘ಎಷ್ಟು’ ಒಂದೇ ಸಾಕು. ಎಷ್ಟು ಜನ, ಎಷ್ಟು ಹಾಲು. ‘ತುಂಬಾ’ ಕೂಡ ಹಾಗೇ. ಇಂಗ್ಲಿಷಿನವರು ಮೊದಲು ನೋಡುವುದು, ಇದು ಒಂದು, ಎರಡು ಎಂದು ಎಣಿಸುವ ವಸ್ತುವೋ, ಅಳೆಯುವ ವಸ್ತುವೋ ಎಂದು. ಎಣಿಸುವುದಕ್ಕೆ ಮೆನಿ, ಫ್ಯೂ. ಅಳೆಯುವುದಕ್ಕೆ ಮಚ್, ಲಿಟ್ಲ್. ನೀರು ಎಷ್ಟು ಅಂದರೆ ‘ಹೌ ಮಚ್ ವಾಟರ್’, ಟ್ಯಾಂಕರ್ ಎಷ್ಟು ಅಂದರೆ ‘ಹೌ ಮೆನಿ ಟ್ಯಾಂಕರ್ಸ್’. ಬಟ್ಟೆಗೆ ‘ಹೌ ಮಚ್ ಕ್ಲಾತ್’, ಹೊಲಿದ ಪೀಸಿಗೆ ‘ಹೌ ಮೆನಿ ಪೀಸಸ್’. ಬೆಲೆ ಕೇಳುವಾಗ ಮಾತ್ರ ಯಾವುದಕ್ಕಾದರೂ ‘ಹೌ ಮಚ್’ ಎಂದೇ ಕೇಳುವುದು.

‘ದುಡ್ಡು ಎಣಿಸ್ತೀವಲ್ಲ ಸಿಸ್ಟರ್, ಮತ್ತೆ ಹೌ ಮಚ್ ಮನಿ ಯಾಕೆ?’ ಈ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ, ನ್ಯಾಯವಾದ ಪ್ರಶ್ನೆಯೇ. ನಾವು ಎಣಿಸೋದು ರೂಪಾಯಿಯನ್ನು. ‘ನೂರು ದುಡ್ಡು ಕೊಡಿ’ ಎಂದು ಯಾರೂ ಕೇಳುವುದಿಲ್ಲ, ‘ನೂರು ರೂಪಾಯಿ’ ಅಂತೀವಿ. (ಹಿಂದೆ ದುಡ್ಡು ಎಂಬುದು ಒಂದು ನಾಣ್ಯದ ಹೆಸರೇ ಆಗಿತ್ತು, ಆಗ ಎರಡು ದುಡ್ಡು, ಮೂರು ದುಡ್ಡು ಎಂದು ಎಣಿಸುತ್ತಿದ್ದರು.) ಹಾಗೆಯೇ ‘ಮೆನಿ ರುಪೀಸ್’, ‘ಮಚ್ ಮನಿ’.

ಇನ್ನು ಕೆಲವಕ್ಕೆ ತರ್ಕವಿಲ್ಲ, ಬಾಯಿಪಾಠವೇ ಗತಿ. ಕುರ್ಚಿಯನ್ನು ಎಣಿಸಬಹುದು, ಆದರೆ ಫರ್ನಿಚರ್ ಎಣಿಸುವಂತಿಲ್ಲ. ‘ಫರ್ನಿಚರ್ಸ್’ ಎಂದು ಎಷ್ಟೋ ಅಂಗಡಿಗಳ ಬೋರ್ಡಿನಲ್ಲೇ ಇದೆ, ಅದನ್ನು ನೋಡಿ ಕಲಿಯಬೇಡಿ. ಲಗೇಜ್, ಇನ್‌ಫರ್ಮೇಶನ್, ಅಡ್ವೈಸ್ ಕೂಡ ಇದೇ ಗುಂಪು. ಅಕ್ಕಿ ‘ಮಚ್ ರೈಸ್’, ಆದರೆ ಹುರುಳಿಕಾಯಿ ‘ಮೆನಿ ಬೀನ್ಸ್’! ಅನುಮಾನ ಬಂದರೆ ‘ಎ ಲಾಟ್ ಆಫ್’ ಅನ್ನಿ. ಅದು ಎರಡಕ್ಕೂ ನಡೆಯುತ್ತದೆ. ‘ಸಮ್’ ಕೂಡ.

ಈಗ ಆ ಮಾತ್ರೆಯ ವಿಷಯ. ಕನ್ನಡದಲ್ಲಿ ‘ಸ್ವಲ್ಪ ಇದೆ’ ಅಂದರೆ ಸಮಾಧಾನ, ‘ಸ್ವಲ್ಪಾನೇ ಇರೋದು’ ಅಂದರೆ ಎಚ್ಚರಿಕೆ. ನಾವು ‘ಏ’ ಸೇರಿಸಿ ಮಾಡುವ ಕೆಲಸವನ್ನು ಇಂಗ್ಲಿಷಿನವರು ‘ಎ’ ತೆಗೆದು ಮಾಡುತ್ತಾರೆ. ‘ಎ ಫ್ಯೂ ಟ್ಯಾಬ್ಲೆಟ್ಸ್’ ಎಂದರೆ ಕೆಲವು ಇವೆ. ಬರೀ ‘ಫ್ಯೂ ಟ್ಯಾಬ್ಲೆಟ್ಸ್’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಲಿಟ್ಲ್‌ಗೂ ಇದೇ ನಿಯಮ. ಡಾಕ್ಟರ ಮುಂದೆ ‘ಲಿಟ್ಲ್ ಪೇನ್’ ಎಂದರೆ ನೋವು ಇಲ್ಲದ ಹಾಗೆಯೇ. ಸ್ವಲ್ಪ ನೋವಿದ್ದರೆ ‘ಎ ಲಿಟ್ಲ್ ಪೇನ್’ ಅನ್ನಬೇಕು. ಫೋನಿನಲ್ಲಿ ಆ ಪುಟ್ಟ ‘ಎ’ ಸರಿಯಾಗಿ ಕೇಳಿಸುವುದೂ ಇಲ್ಲ. ಆದ್ದರಿಂದ ‘ವೆರಿ ಫ್ಯೂ’, ‘ನಾಟ್ ಮೆನಿ’ ಅನ್ನಿ. ಔಷಧಿ ವಿಷಯದಲ್ಲಂತೂ ಪಟ್ಟಿಯನ್ನು ಕೈಯಲ್ಲಿ ಹಿಡಿದು ‘ಓನ್ಲಿ ಟೂ ಟ್ಯಾಬ್ಲೆಟ್ಸ್’ ಎಂದು ಸಂಖ್ಯೆಯನ್ನೇ ಹೇಳಿ.

ಕಡಿಮೆ ಎನ್ನಲು ಎಣಿಸುವುದಕ್ಕೆ ಫ್ಯೂಯರ್, ಅಳೆಯುವುದಕ್ಕೆ ಲೆಸ್. ಇದರಲ್ಲಿ ತಪ್ಪಿದರೆ ನಾಚಿಕೆ ಬೇಡ, ಇಂಗ್ಲಿಷಿನವರೇ ಜಗಳವಾಡುತ್ತಾರೆ. ‘ಹತ್ತು ವಸ್ತು ಅಥವಾ ಕಡಿಮೆ’ ಎನ್ನುವ ಬೋರ್ಡಿನಲ್ಲಿ ಲೆಸ್ ಬರೆದದ್ದಕ್ಕೆ ತಕರಾರು ಬಂದು, ಬ್ರಿಟನ್ನಿನ ಟೆಸ್ಕೊ ಅಂಗಡಿಯವರು 2008ರಲ್ಲಿ ಎರಡೂ ಪದ ಬಿಟ್ಟು ‘ಹತ್ತರವರೆಗೆ’ ಎಂದು ಬರೆಸಿದರು.