ಬೆದೆಯಿಂದ ಗಿಣ್ಣಿನವರೆಗೆ

ಮಂಡ್ಯ, ಹಾಸನ, ತುಮಕೂರು ಕಡೆಯ ಹಳ್ಳಿಗಳಲ್ಲಿ ಬೆಳಗಿನ ಡೇರಿ ಮುಗಿಯುವ ಹೊತ್ತಿಗೆ ಒಂದು ಬೈಕು ಬೀದಿಯಿಂದ ಬೀದಿಗೆ ಸುತ್ತುತ್ತಿರುತ್ತದೆ. ಹಿಂದಿನ ಸೀಟಿಗೆ ರಬ್ಬರ್ ಪಟ್ಟಿಯಿಂದ ಬಿಗಿದ ಪುಟ್ಟ ಅಲ್ಯೂಮಿನಿಯಂ ಕ್ಯಾನು. ನೋಡಿದವರು ಹಾಲಿನದೆಂದುಕೊಳ್ಳಬೇಕು, ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ. ಒಳಗಿರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಅದರಲ್ಲಿ ಮುಳುಗಿ ಕೂತಿರುವ ಸಣ್ಣ ಸಣ್ಣ ಕಡ್ಡಿಗಳಲ್ಲಿ ಹತ್ತಾರು ಬೀಜದ ಹೋರಿಗಳ ವಂಶ. ಬೈಕಿನವನನ್ನು ಊರೆಲ್ಲ ‘ಡಾಕ್ಟ್ರು’ ಎನ್ನುತ್ತದೆ. ಆತ ಡಾಕ್ಟರಲ್ಲ, ಕೃತಕ ಗರ್ಭಧಾರಣೆಯ ತರಬೇತಿ ಪಡೆದವನು. ಪಶು ಆಸ್ಪತ್ರೆಯ ವೈದ್ಯರು, ಹಾಲು ಒಕ್ಕೂಟದವರು, ಬೈಫ್ ಸಂಸ್ಥೆಯವರು, ಈಚೆಗೆ ‘ಮೈತ್ರಿ’ ಹೆಸರಿನಲ್ಲಿ ಮೂರು ತಿಂಗಳ ತರಬೇತಿ ಮುಗಿಸಿದ ಹುಡುಗರು, ಹೀಗೆ ಈ ಕೆಲಸಕ್ಕೆ ಹಲವು ಕೈಗಳು. ಸೀಮೆಹಸು ಹೋರಿಯ ಮುಖ ನೋಡದೆ ತಾಯಾಗುವುದು ಈ ಕೈಗಳಿಂದ.

ಈ ವಿದ್ಯೆ ಭಾರತದಲ್ಲಿ ಮೊದಲು ಕೈಗೂಡಿದ್ದು ಮೈಸೂರಿನಲ್ಲಿ. 1939ರಲ್ಲಿ ಅರಮನೆಯ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಎಂಬುವರು ಹೋಲ್‌ಸ್ಟೀನ್ ಫ್ರೀಸಿಯನ್ (ಎಚ್‌ಎಫ್) ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೊಟ್ಟು ನೋಡಿದರು. 33 ಹಸುಗಳು ಗಬ್ಬ ಕಟ್ಟಿದವು. ಹಳ್ಳಿಕಾರ್ ಹಾಲಿಗೆ ಹೆಸರಾದ ತಳಿಯಲ್ಲ. ಉಳುಮೆಗೆ, ಗಾಡಿಗೆ, ಓಟಕ್ಕೆ ಹೆಸರಾದದ್ದು. ಆ ಕಾಲದಲ್ಲಿ ಹಳ್ಳಿಕಾರ್ ಗಂಡುಗರು ಹುಟ್ಟಿದರೆ ಮನೆಗೆ ಸಂಭ್ರಮ. ಎತ್ತು ಹೆರುವ ತಾಯಂದಿರ ಮೇಲೆ ಶುರುವಾದ ಪ್ರಯೋಗ ಎಂಬತ್ತು ವರ್ಷ ಕಳೆಯುವಷ್ಟರಲ್ಲಿ ಗಂಡುಗರು ಯಾರಿಗೂ ಬೇಡವಾದ ಕೊಟ್ಟಿಗೆಗೆ ಬಂದು ನಿಂತಿದೆ. ಆ ಮಾತಿಗೆ ಆಮೇಲೆ ಬರೋಣ.

ಆಗ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಉಪಾಯ ತಿಳಿದಿರಲಿಲ್ಲ. ತಂಪಾಗಿಟ್ಟರೂ ಎರಡು ಮೂರು ದಿನಕ್ಕೆ ಮುಗಿಯಿತು. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಗ್ಲಿಸರಿನ್ ಬೆರೆಸಿದರೆ ವೀರ್ಯಾಣು ಹಿಮದಲ್ಲೂ ಬದುಕುತ್ತದೆ ಎಂದು ಕಂಡುಕೊಂಡ ಮೇಲೆ ಲೆಕ್ಕವೇ ಬದಲಾಯಿತು. ಹೋರಿ ಸತ್ತ ಮೇಲೂ ಅದರ ಕರು ಹುಟ್ಟಬಹುದಾಯಿತು. ನಮ್ಮಲ್ಲಿ ಇದಕ್ಕೆ ನೆಲೆಯಾದದ್ದು ಬೆಂಗಳೂರಿನ ಹೊರಗಿನ ಹೆಸರಘಟ್ಟ. ಡೆನ್ಮಾರ್ಕಿನ ನೆರವಿನಿಂದ 1969ರಲ್ಲಿ ಅಲ್ಲಿ ಕೇಂದ್ರ ಸರಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ ಬಂತು. ನಂದಿನಿಯ ವೀರ್ಯ ಕೇಂದ್ರವೂ ಅಲ್ಲಿದೆ. ಕಾಲು ಮಿಲಿಲೀಟರಿನ ಒಂದು ಕಡ್ಡಿಯಲ್ಲಿ ಸುಮಾರು ಎರಡು ಕೋಟಿ ವೀರ್ಯಾಣು ಇರುತ್ತದೆ. ಕಡ್ಡಿಯ ಮೈಮೇಲೆ ಹೋರಿಯ ನಂಬರು, ತಳಿ, ತಯಾರಾದ ತಾರೀಖು ಅಚ್ಚಾಗಿರುತ್ತದೆ.

ವಿಜ್ಞಾನದ ಪಾಲು ಇಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಉಳಿದದ್ದೆಲ್ಲ ಕಣ್ಣಿನ ಕೆಲಸ, ಅದೂ ಹೆಚ್ಚಾಗಿ ಹೆಂಗಸರ ಕಣ್ಣಿನದು. ಹಸು ಬೆದೆಗೆ ಬರುವುದು 21 ದಿನಕ್ಕೊಮ್ಮೆ, ಇರುವುದು ಒಂದು ಹಗಲು ಅಥವಾ ಒಂದು ರಾತ್ರಿ. ಹಿಂಡಿನಲ್ಲಿದ್ದರೆ ಬೇರೆ ಹಸು ಮೇಲೆ ಹತ್ತಿದಾಗ ಅಲುಗದೆ ನಿಲ್ಲುತ್ತದೆ, ಅದಕ್ಕಿಂತ ದೊಡ್ಡ ಗುರುತಿಲ್ಲ. ಗೊಂತಿನಲ್ಲಿ ಒಂಟಿಯಾಗಿ ಕಟ್ಟಿಹಾಕಿದ ಹಸುವಿಗೆ ಆ ಅವಕಾಶವೆಲ್ಲಿ? ಮೇವು ಬಿಟ್ಟು ಬಾಗಿಲ ಕಡೆ ನೋಡುತ್ತದೆ. ಗಳಿಗೆಗೊಮ್ಮೆ ಗಂಜಲ ಹಾಕುತ್ತದೆ. ಹಾಲು ಅರ್ಧ ಲೀಟರು ಇಳಿಯುತ್ತದೆ. ಸಗಣಿ ಬಾಚುವಾಗ ನೆಲದ ಮೇಲೆ ಲೋಳೆ ಕಾಣುತ್ತದೆ. ಇದನ್ನು ಕಾಣುವವಳು ನಸುಕಿಗೇ ಎದ್ದು ಕೊಟ್ಟಿಗೆ ಬಳಿಯುವವಳು. ಬೇಸಿಗೆಯಲ್ಲಿ ಕೆಲವು ಹಸು ಕೂಗುವುದೂ ಇಲ್ಲ; ಎಮ್ಮೆಯಂತೂ ಗುಟ್ಟು ಬಿಡುವುದೇ ಅಪರೂಪ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನದ ಮೇವು, ಹಿಂಡಿ, ದುಡಿಮೆ ದಂಡ.

ಮದ್ದೂರು ಕಡೆಯ ಒಂದು ಕೊಟ್ಟಿಗೆಯಲ್ಲಿ ಕಂಡದ್ದು ಇದು. ಫೋನಿನಲ್ಲೇ ಅರ್ಧ ತಪಾಸಣೆ ನಡೆಯಿತು.

“ಡಾಕ್ಟ್ರೇ, ಕೋಳಿ ಕೂಗೋ ಹೊತ್ನಿಂದ ಬಡ್ಕತಾ ಅದೆ, ಬತ್ತೀರಾ?”

“ಲೋಳೆ ತಿಳಿಯಾಗದೋ, ಕದಡ್ಕಂಡದೋ ಅಕ್ಕ?”

“ತಿಳಿಯಾಗೇ ಅದೆ, ಬಾಲಕ್ಕೆಲ್ಲ ಮೆತ್ಕಂಡದೆ.”

“ಹಂಗಾರೆ ಸಾಯಂಕಾಲ ಬತ್ತೀನಿ. ಈಗ್ಲೇ ಬಂದ್ರೆ ಕಡ್ಡಿ ದಂಡ.”

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ನಿಯಮ ಇದು. ಅಂಡ ಹೊರಬೀಳುವುದು ಬೆದೆ ಇಳಿದು ಹತ್ತು ಹನ್ನೆರಡು ಗಂಟೆಯ ಮೇಲೆ. ವೀರ್ಯಾಣು ಅದಕ್ಕೆ ಸ್ವಲ್ಪ ಮುಂಚೆ ಒಳಗೆ ಹೋಗಿ ಕಾದಿರಬೇಕು.

ಸಂಜೆ ಆತ ಬಂದ. ಮನೆಯವಳು ತಂದ ಬೆಚ್ಚನೆಯ ನೀರಿಗೆ ಬೆರಳಲ್ಲ, ಥರ್ಮಾಮೀಟರು ಅದ್ದಿದ. 37 ಡಿಗ್ರಿ. ಚಿಮಟದಲ್ಲಿ ಕಡ್ಡಿಯೊಂದನ್ನು ಎತ್ತಿ ನೀರಿಗೆ ಬಿಟ್ಟು ಅರ್ಧ ನಿಮಿಷ ಕಾದ. ಒರೆಸಿ, ಕಡ್ಡಿ ಹಾಕುವ ಗನ್ನಿಗೆ ತುಂಬಿ, ತುದಿ ಕತ್ತರಿಸಿ, ಮೇಲೊಂದು ಪ್ಲಾಸ್ಟಿಕ್ ಕೊಳವೆ ತೊಡಿಸಿ, ಗನ್ನನ್ನು ಬೆನ್ನ ಕಡೆಯಿಂದ ಅಂಗಿಯೊಳಗೆ ಸಿಕ್ಕಿಸಿಕೊಂಡ. ಗಾಳಿಗೆ ತಣ್ಣಗಾದರೆ ಕರಗಿದ ವೀರ್ಯ ಕೆಡುತ್ತದೆ, ಮೈಶಾಖವೇ ಅದಕ್ಕೆ ಹೊದಿಕೆ. ಭುಜದ ತನಕ ಬರುವ ಕೈಚೀಲ ತೊಟ್ಟು ಎಡಗೈಯನ್ನು ಹಸುವಿನ ಗುದದೊಳಗೆ ಹಾಕಿ ಸಗಣಿ ತೆಗೆದ. ಕೆಳಗೆ ಗರ್ಭಕೋಶದ ಕೊರಳು ಸಿಗುತ್ತದೆ. ಮುಟ್ಟಿದರೆ ಕೋಳಿ ಕತ್ತಿನಷ್ಟು ಬಿಗಿ. ಬಲಗೈಯ ಗನ್ನು ಆ ಕೊರಳ ಮಡಿಕೆಗಳನ್ನು ಒಂದೊಂದಾಗಿ ದಾಟಬೇಕು, ದಾಟಿದೊಡನೆ ನಿಲ್ಲಬೇಕು. ಹೆಚ್ಚು ಮುಂದೆ ಹೋದರೂ ತಪ್ಪು, ಹಿಂದೆ ಉಳಿದರೂ ತಪ್ಪು. ಒಳಗೆ ಏನೂ ಕಾಣುವುದಿಲ್ಲ. ಹಸು ಬಾಲ ಬೀಸುತ್ತಿರುತ್ತದೆ, ಬೆನ್ನು ಬಾಗಿಸುತ್ತಿರುತ್ತದೆ. ಎಲ್ಲ ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ. ಕಿವಿಯ ಹಳದಿ ಓಲೆಯಲ್ಲಿರುವ 12 ಅಂಕಿಯ ನಂಬರನ್ನು ಮೊಬೈಲಿಗೆ ಏರಿಸಿ, ಕಡ್ಡಿಯ ನಂಬರು ಬರೆದುಕೊಟ್ಟು ಹೊರಟ.

ಇಷ್ಟಾದರೂ ಮೊದಲ ಸಲಕ್ಕೇ ಗಬ್ಬ ನಿಲ್ಲುವ ಹಸುಗಳು ನಮ್ಮ ಹಳ್ಳಿಗಳಲ್ಲಿ ಅರ್ಧಕ್ಕಿಂತ ಕಡಿಮೆ. ನಿಲ್ಲದಿದ್ದರೆ ಬೈಗುಳ ಕಡ್ಡಿಗೆ, ಇಲ್ಲವೇ ಬೈಕಿನವನಿಗೆ. ಹೊತ್ತು ಮೀರಿ ಕರೆದದ್ದು, ಖನಿಜದ ಪುಡಿ ಒಂದು ದಿನವೂ ತಿನ್ನಿಸದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕಡ್ಡಿಯ ಆಯ್ಕೆಯಲ್ಲೇ ಮುಂದಿನ ಹೆರಿಗೆಯ ಅರ್ಧ ತೀರ್ಮಾನವಿದೆ. ಎಚ್‌ಎಫ್ ಕರು ಹುಟ್ಟುವಾಗಲೇ 40 ಕಿಲೋ ಆಸುಪಾಸು ತೂಗುತ್ತದೆ, ಜೆರ್ಸಿ ಕರು 25ರ ಸುತ್ತಮುತ್ತ. ಹಾಲಿನ ಆಸೆಗೆ ಸಣ್ಣ ಮೈಯ ಚೊಚ್ಚಲ ಕಡಸಿಗೆ ಎಚ್‌ಎಫ್ ಕಡ್ಡಿ ಹಾಕಿಸಿದರೆ ಒಂಬತ್ತು ತಿಂಗಳ ಮೇಲೆ ಕರು ಹೊರಬರದೆ ಹಗ್ಗ ಹಿಡಿದು ಎಳೆಯುವ ಪಾಡು. ಬುದ್ಧಿವಂತರು ಮೊದಲ ಸೂಲಿಗೆ ಜೆರ್ಸಿ ಕೇಳುತ್ತಾರೆ. ಇನ್ನೊಂದು ಸಂಗತಿಯನ್ನು ಮಾತ್ರ ಬುದ್ಧಿವಂತರೂ ಮರೆಯುತ್ತಾರೆ: ತಾಯಿಗೆ ಹಾಕಿಸಿದ ಹೋರಿಯ ನಂಬರು. ಅದನ್ನು ಬರೆದಿಡದಿದ್ದರೆ ಮಗಳಿಗೂ ಅದೇ ಹೋರಿ ಬಿದ್ದು, ತಂದೆಯೇ ಗಂಡನಾದಂತೆ. ಹಾಲೂ ಇಳಿಯಿತು, ಕಸುವೂ ಇಳಿಯಿತು.

ಅಮೆರಿಕದ ನೆಬ್ರಾಸ್ಕಾ, ಮೊಂಟಾನಾ ಕಡೆಯ ರಾಂಚುಗಳಲ್ಲಿ ಕತೆ ಬೇರೆ. ಅಲ್ಲಿಯವು ಮಾಂಸದ ದನ, ನೂರಾರು ಸಂಖ್ಯೆ, ಒಂದೊಂದರ ಬೆದೆ ಕಾಯುತ್ತ ಕೂರಲಾಗದು. ಕೆಲವರು ಹಾರ್ಮೋನು ಕೊಟ್ಟು ಇಡೀ ಹಿಂಡನ್ನು ಒಂದೇ ಹೊತ್ತಿಗೆ ಬೆದೆಗೆ ತಂದು ಒಂದೇ ದಿನ ಎಲ್ಲಕ್ಕೂ ಕಡ್ಡಿ ಹಾಕಿಸುತ್ತಾರೆ. ನಿಲ್ಲದೆ ಉಳಿದವಕ್ಕೆ ಆಮೇಲೆ ಹೋರಿ ಬಿಡುತ್ತಾರೆ. ಹಾಗಾಗಿ ಚಳಿ ಮುಗಿಯುವ ಹೊತ್ತಿಗೆ ಅಲ್ಲಿ ಕರು ಹಾಕುವ ಹಂಗಾಮೆಂದೇ ಬರುತ್ತದೆ. ಹಿಮದ ರಾತ್ರಿಯಲ್ಲಿ ಎರಡು ಮೂರು ಗಂಟೆಗೊಮ್ಮೆ ಎದ್ದು ಟಾರ್ಚು ಹಿಡಿದು ಕಡಸುಗಳ ನಡುವೆ ತಿರುಗುವುದು ಅವರ ಪಾಡು. ನಮ್ಮಲ್ಲಿ ಹಂಗಾಮಿಲ್ಲ, ಡೇರಿಗೆ ವರ್ಷವಿಡೀ ಹಾಲು ಬೇಕು. ಆದರೆ ಆ ಕಡೆಯ ಒಂದು ಉಪಾಯ ನಮಗೂ ಒಗ್ಗುತ್ತದೆ. ಕೆನಡಾದ ಮ್ಯಾನಿಟೋಬಾದ ಕೊನೆಫಲ್ ಎಂಬ ರೈತ ತುಂಬು ಗಬ್ಬದ ಹಸುಗಳಿಗೆ ಮುಖ್ಯ ಮೇವನ್ನು ರಾತ್ರಿ ಹೊತ್ತು ಹಾಕಿ ನೋಡಿದ. ಹೆಚ್ಚಿನವು ಹಗಲಲ್ಲೇ ಕರು ಹಾಕಿದವು. ಮುಂದೆ ಪಶುವಿಜ್ಞಾನಿಗಳೂ ಇದು ಹೌದೆಂದರು. ಖರ್ಚಿಲ್ಲದ ಉಪಾಯ, ಮಾಡಿ ನೋಡಬಹುದು.

ಒಂಬತ್ತು ತಿಂಗಳು ಒಂಬತ್ತು ದಿನ ಎನ್ನುವುದು ಹಳ್ಳಿಯ ಲೆಕ್ಕ, ಪುಸ್ತಕದ ಲೆಕ್ಕವೂ ಸುಮಾರು 280 ದಿನವೇ. ಕಡೆಯ ಎರಡು ತಿಂಗಳು ಹಾಲು ಬತ್ತಿಸಲೇಬೇಕು. ದಿನ ಹತ್ತಿರ ಬಂದಂತೆ ಕೆಚ್ಚಲು ಬಿಗಿಯುತ್ತದೆ, ಬಾಲದ ಬುಡದ ಎರಡೂ ಕಡೆ ಗುಳಿ ಬೀಳುತ್ತದೆ. ಬೇನೆ ಶುರುವಾದರೆ ಏಳುತ್ತದೆ, ಮಲಗುತ್ತದೆ, ತನ್ನ ಹೊಟ್ಟೆಯನ್ನೇ ತಿರುಗಿ ನೋಡುತ್ತದೆ. ಮೊದಲು ನೀರಿನ ಚೀಲ, ಆಮೇಲೆ ಮುಂಗಾಲಿನ ಎರಡು ಗೊರಸು, ಅವುಗಳ ಮೇಲೆ ಒರಗಿದ ಮೂತಿ. ಮೂರೂ ಕಂಡರೆ ಕೈಕಟ್ಟಿ ನಿಲ್ಲುವುದೇ ಒಳ್ಳೆಯದು. ಒಂದೇ ಕಾಲು ಕಂಡರೆ, ಗೊರಸಿನ ಅಡಿ ಆಕಾಶ ನೋಡುತ್ತಿದ್ದರೆ, ಎಳೆಯಲು ಹೋಗದೆ ಡಾಕ್ಟರನ್ನು ಕರೆಸಬೇಕು. ಊರಲ್ಲಿ ನಾಲ್ಕು ಜನ ಸೇರಿ ಎಳೆದು ಕರುವನ್ನೂ ತಾಯನ್ನೂ ಕಳೆದುಕೊಂಡ ಕೊಟ್ಟಿಗೆಗಳು ಬೇಕಾದಷ್ಟಿವೆ.

ಕರು ನೆಲಕ್ಕೆ ಬಿದ್ದೊಡನೆ ಮೂಗು ಬಾಯಿಯ ಲೋಳೆ ತೆಗೆದು, ಉಸಿರು ತಡವಾದರೆ ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿದರೆ ಸೀನಿ ಎಚ್ಚರಾಗುತ್ತದೆ. ಹೊಕ್ಕುಳಿಗೆ ಅಯೋಡಿನ್. ಸತ್ತೆ, ಅಂದರೆ ಮಾಸು, ಹನ್ನೆರಡು ಗಂಟೆಯೊಳಗೆ ಬೀಳಬೇಕು. ಬಿದ್ದದ್ದನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಮನೆಗಳು ಇನ್ನೂ ಇವೆ, ಹಾಲು ಸುರಿಯುವ ಮರಕ್ಕೆ ಕಟ್ಟಿದರೆ ಹಸುವಿಗೂ ಹಾಲು ಬರುತ್ತದೆಂಬ ನಂಬಿಕೆ. ಅದರಿಂದ ನಷ್ಟವಿಲ್ಲ. ಸತ್ತೆ ಬೀಳುವ ತನಕ ಕರುವಿಗೆ ಹಾಲು ಕುಡಿಸಬಾರದೆನ್ನುವ ನಂಬಿಕೆಯಿಂದ ಮಾತ್ರ ನಷ್ಟವಿದೆ. ಗಿಣ್ಣಿನಲ್ಲಿರುವ ರೋಗನಿರೋಧಕವನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ಒಂದು ದಿನ, ಅದೂ ಗಂಟೆ ಗಂಟೆಗೆ ಕಡಿಮೆಯಾಗುತ್ತ. ನೆರೆಮನೆಗೆ ಗಿಣ್ಣು ಹಂಚುವುದು ಚಂದವೇ, ಮೊದಲ ಪಾಲು ಕರುವಿನ ಹೊಟ್ಟೆಗೆ ಸೇರಿದ ಮೇಲೆ.

ಇನ್ನು ಗಂಡುಗರುವಿನ ಮಾತು. ಉಳಲು ಟ್ರ್ಯಾಕ್ಟರ್ ಇದೆ, ಸೀಮೆಹಸುವಿನ ಹೋರಿಗೆ ನೊಗ ಹೊರುವ ಹಿಣಿಲೂ ಇಲ್ಲ. ಹಾಲು ಕುಡಿಸಿ ಸಾಕುವಷ್ಟು ಉದಾರತೆ ಎರಡು ಹಸು ಕಟ್ಟಿದ ಮನೆಗೆ ಕೈಗೆಟಕದು. ಎಷ್ಟೋ ಗಂಡುಗರುಗಳು ಅರೆಹೊಟ್ಟೆಯಲ್ಲೇ ಸಾಯುತ್ತವೆ. ಇದನ್ನು ಎಲ್ಲರೂ ಬಲ್ಲರು, ಯಾರೂ ಆಡುವುದಿಲ್ಲ. ಈಗ ಲಿಂಗ ನಿರ್ಧಾರಿತ ವೀರ್ಯದ ಕಡ್ಡಿ ಬಂದಿದೆ, ಹತ್ತರಲ್ಲಿ ಒಂಬತ್ತು ಹೆಣ್ಣುಗರು. ಬೆಲೆ ಹೆಚ್ಚು, ಗಬ್ಬ ನಿಲ್ಲುವುದು ತುಸು ಕಡಿಮೆ, ಕಡಸುಗಳಿಗೆ ಚೆನ್ನಾಗಿ ಒಗ್ಗುತ್ತದೆ. ಹುಟ್ಟಿಸಿ ಉಪವಾಸ ಕೆಡವುವುದಕ್ಕಿಂತ ಹುಟ್ಟಿಸದಿರುವುದು ಮೇಲು ಎಂಬುದು ನನ್ನ ಅನಿಸಿಕೆ. ಸಹಾಯಧನ ಕೊಡುವುದಾದರೆ ಸರಕಾರ ಇದಕ್ಕೇ ಧಾರಾಳವಾಗಿ ಕೊಡಲಿ.

ಕೊಟ್ಟಿಗೆಯಲ್ಲಿ ಗಬ್ಬದ ಹಸು ಇರುವವರು ಕಡ್ಡಿ ಹಾಕಿಸಿದ ತಾರೀಖನ್ನೂ ಹೋರಿಯ ನಂಬರನ್ನೂ ಇವತ್ತೇ ಗೋಡೆಯ ಕ್ಯಾಲೆಂಡರಿಗೆ ಏರಿಸಿ. ಅದರ ಪಕ್ಕದಲ್ಲಿ ಹತ್ತಿರದ ಪಶುವೈದ್ಯರ ಫೋನ್ ನಂಬರು ಇರಲಿ. ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕರು ಬರಲಿಲ್ಲವೆಂದರೆ ಕಾಯಬೇಡಿ. ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ 1962.